ಕಿವುಡ ಮಕ್ಕಳ ಟೀಚರ್, ಮತ್ತೆ ಬಿ.ಎಡ್. ಸ್ಪೆಷಲ್‌ಗೆ ಸೇರುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಧಾರವಾಡ ಕಡೆಯ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಸತಿ ಶಾಲೆಯೊಂದರಲ್ಲಿ ಕಿವುಡ ಮಕ್ಕಳಿಗೆ ಎರಡು ಮತ್ತು ಮೂರನೇ ತರಗತಿ ತಗೋತೀನಿ. ಬಿ.ಎ. ಆಗಿದೆ, ಡಿ.ಎಡ್. ಸ್ಪೆಷಲ್ ಎಚ್.ಐ. (ಶ್ರವಣದೋಷ ಇರೋ ಮಕ್ಕಳಿಗೆ ಕಲಿಸೋ ತರಬೇತಿ) ಆಗಿದೆ, ಸಿ.ಆರ್.ಆರ್. (ಕೇಂದ್ರ ಪುನರ್ವಸತಿ ನೋಂದಣಿ ಪಟ್ಟಿ) ನಂಬರ್ ಚಾಲ್ತಿಯಲ್ಲಿದೆ. ಈ ಸಲ ರಜೆ ಹಾಕಿ ಬಿ.ಎಡ್. ಸ್ಪೆಷಲ್ ಎಚ್.ಐ.ಗೆ ಸೇರಬೇಕಂತ ನಿರ್ಧಾರ ಮಾಡೀನಿ. ಪರೀಕ್ಷೆಗೆ ಕೂತು ಓದಿ ಬಹಳ ವರ್ಷ ಆಯ್ತು.

ತರಗತಿ ನಡೆಸೋಕೆ ಭಯ ಇಲ್ಲ. ಆದರೆ ಅದೇ ಪಾಠವನ್ನ ಪಾಠಯೋಜನೆ ಅಂತ ಹಾಳೆ ಮೇಲೆ ಬರೀಬೇಕಂದ್ರೆ ಕೈ ಓಡೋದಿಲ್ಲ. ಆಡಿಯಾಲಜಿ (ಶ್ರವಣಶಾಸ್ತ್ರ) ಭಾಗ ಪೂರ್ತಿ ಮರ್ತುಹೋಗಿದೆ, ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಫೈಲ್‌ನಲ್ಲಿ ಇರ್ತದೆ, ನೋಡಿ ಮುಚ್ಚಿಡ್ತೀವಿ ಅಷ್ಟೇ. ನಮ್ಮ ಹಾಸ್ಟೆಲ್ ಮಕ್ಕಳ ಸನ್ನೆ ನನಗೆ ಚೆನ್ನಾಗಿ ಬರ್ತದೆ, ಆದರೆ ಐ.ಎಸ್.ಎಲ್. (ಭಾರತೀಯ ಸನ್ನೆ ಭಾಷೆ) ಅಂತ ಕಾಲೇಜಿನಲ್ಲಿ ಕೇಳೋದು ಬೇರೆ ಅಂತ ಹೇಳ್ತಾರೆ. ಸೇರೋಕೆ ಇನ್ನೂ ಎರಡು ತಿಂಗಳು ಸಮಯ ಇದೆ. ಎಲ್ಲಿಂದ ಶುರು ಮಾಡಲಿ? ನನ್ನ ತರಗತಿಗೆ ಬರೋ ಬದಲಿ ಟೀಚರ್‌ಗೆ ಏನೇನು ಬರೆದಿಟ್ಟು ಹೋಗಬೇಕು ಅನ್ನೋದನ್ನೂ ಗೊತ್ತಿದ್ದವರು ತಿಳಿಸಿ.

ತರಬೇತಿ ಕಾಲೇಜಿನ ಉಪನ್ಯಾಸಕರು, ಮೈಸೂರು:

ಮೇಡಂ, ಮೊದಲ ಕೆಲಸ ಓದು ಅಲ್ಲ. ನೀವು ಸೇರುವ ಕಾಲೇಜಿಗೆ, ನೀವು ಸೇರುವ ಅದೇ ವರ್ಷದ ಬ್ಯಾಚಿಗೆ, ಭಾರತೀಯ ಪುನರ್ವಸತಿ ಪರಿಷತ್ತಿನ ಅಂದರೆ ಆರ್.ಸಿ.ಐ.ನ ಅನುಮೋದನೆ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ನೋಡಿ. ಕಾಲೇಜಿನವರು "ಹಿಂದಿನ ವರ್ಷ ಇತ್ತು" ಅಂದರೆ ಸಾಲದು. ಅನುಮೋದನೆ ಇಲ್ಲದ ಬ್ಯಾಚಿನಲ್ಲಿ ಓದಿದರೆ ಪದವಿ ಕೈಗೆ ಬಂದರೂ ಅದನ್ನು ಸಿ.ಆರ್.ಆರ್.ಗೆ ಸೇರಿಸಲು ಆಗುವುದಿಲ್ಲ. ನಿಮ್ಮ ಈಗಿನ ನೋಂದಣಿಯ ಅವಧಿ ಓದಿನ ಮಧ್ಯೆ ಮುಗಿಯುತ್ತದೆಯಾ ಅಂತಲೂ ನೋಡಿಕೊಳ್ಳಿ. ನವೀಕರಣಕ್ಕೆ ಸಿ.ಆರ್.ಇ. (ವೃತ್ತಿಯಲ್ಲಿರುವವರ ಮುಂದುವರಿಕೆ ತರಬೇತಿ) ಅಂಕಗಳು ಬೇಕು, ಅವನ್ನು ಕೊನೆ ತಿಂಗಳಲ್ಲಿ ಒಟ್ಟು ಹಾಕುವುದು ಕಷ್ಟ.

ಪಾಠಯೋಜನೆಯ ವಿಷಯಕ್ಕೆ ಬರೋಣ. ಅನುಭವಿ ಶಿಕ್ಷಕರು ಎಡವುವ ಜಾಗ ಇದೇ. ಅವರ ಯೋಜನೆಯಲ್ಲಿ "ಮಕ್ಕಳಿಗೆ ಸಂತೆಯ ಬಗ್ಗೆ ತಿಳಿಸುವುದು" ಅಂತ ಇರುತ್ತದೆ. ಓದಿದವರಿಗೆ ಯಾವ ಮಗು ಏನು ಕಲಿಯಬೇಕಿತ್ತು, ಕಲಿತಿತಾ ಅನ್ನುವುದು ಗೊತ್ತಾಗುವುದಿಲ್ಲ. ಕಿವುಡ ಮಕ್ಕಳ ಪಾಠದಲ್ಲಿ ಪ್ರತಿ ಪಾಠಕ್ಕೂ ಎರಡು ಗುರಿ ಇರಬೇಕು, ವಿಷಯದ ಗುರಿ ಒಂದು, ಭಾಷೆಯ ಗುರಿ ಒಂದು. ವಿಷಯ ಸಂತೆ ಅಂತಾದರೆ ಭಾಷೆಯ ಗುರಿ ಹೀಗೆ ಬರೆಯಿರಿ: "ಚಿತ್ರ ತೋರಿಸಿದಾಗ ಮಗು 10ರಲ್ಲಿ 8 ವಾಕ್ಯಗಳಲ್ಲಿ 'ಗೆ' ಪ್ರತ್ಯಯವನ್ನು ಸರಿಯಾದ ಜಾಗದಲ್ಲಿ ಬಳಸಿ ಬರೆಯುತ್ತದೆ." ಇದಕ್ಕೆ ಮುಂಚೆ ಮಗು ಏನು ಬರೆಯುತ್ತಿತ್ತು ಅನ್ನುವುದೂ ಬೇಕು. "ಅಮ್ಮ ಸಂತೆ ಹೋಗು. ಬದನೆಕಾಯಿ ತಾ." ಈ ಎರಡು ಸಾಲು ನಿಮ್ಮ ಮಕ್ಕಳ ಪುಸ್ತಕದಲ್ಲಿ ಖಂಡಿತ ಇರುತ್ತವೆ, ಅವನ್ನು ಹಾಗೇ ಯೋಜನೆಗೆ ಎತ್ತಿ ಹಾಕಿ. ಯಾವ ಪುಸ್ತಕದ ವ್ಯಾಖ್ಯೆಗಿಂತಲೂ ಆ ಎರಡು ಸಾಲಿಗೆ ಹೆಚ್ಚು ಬೆಲೆ.

ವಿಭಕ್ತಿ ಕಲಿಸುವ ಕ್ರಮವನ್ನೂ ಕಾರಣ ಸಮೇತ ಬರೆಯಿರಿ. ಎಕಾರದಲ್ಲಿ ಮುಗಿಯುವ ಪದಗಳಿಂದ ಶುರು ಮಾಡಬೇಕು: ಮನೆ, ಶಾಲೆ, ಸಂತೆ, ಕೆರೆ. ಇವಕ್ಕೆ "ಗೆ" ನೇರ ಕೂರುತ್ತದೆ, ಮೂಲಪದ ಬದಲಾಗುವುದಿಲ್ಲ. ಅದು ಗಟ್ಟಿಯಾದ ಮೇಲೆ ಊರು, ಕಾಡು, ತೋರಿಸಿ ಊರಿಗೆ, ಕಾಡಿಗೆ. ಆಮೇಲಷ್ಟೇ ಹೊಲ, ಮರ, ಅಂಗಳ. ಇಲ್ಲಿ "ಕ್ಕೆ" ಬರುತ್ತದೆ. ಮೂರನ್ನೂ ಒಂದೇ ವಾರದಲ್ಲಿ ಬೆರೆಸಿದರೆ "ಹೊಲಗೆ", "ಮನೆಕ್ಕೆ" ಶುರುವಾಗುತ್ತದೆ, ಮತ್ತೆ ಅದನ್ನು ಅಳಿಸಲು ತಿಂಗಳು ಬೇಕು. ಕೇಳುವ ಮಗು ಈ ವ್ಯತ್ಯಾಸವನ್ನು ಶಾಲೆಗೆ ಬರುವ ಮೊದಲೇ ಸಾವಿರ ಸಲ ಕೇಳಿಸಿಕೊಂಡಿರುತ್ತದೆ, ನಮ್ಮ ಮಕ್ಕಳು ಅದನ್ನು ಕಣ್ಣಿನಿಂದಲೇ ಹೆಕ್ಕಬೇಕು. ಹಾಗಾಗಿ ಮೂಲಪದದ ಕಾರ್ಡ್ ಬಿಳಿ, ಪ್ರತ್ಯಯದ ಕಾರ್ಡ್ ಕೆಂಪು ಅಂತ ಮಾಡಿ, ಕೆಂಪು ಕಾರ್ಡನ್ನು ಮಗುವೇ ತಂದು ಜೋಡಿಸಲಿ. ಸಂತೆ ಮತ್ತು ಇಂದ ಸೇರಿ ಸಂತೆಯಿಂದ ಆಗುವಾಗ ಮಧ್ಯೆ ಬರುವ ಯಕಾರ ಕಾರ್ಡಿನಲ್ಲಿ ಕಾಣುವುದಿಲ್ಲ, ಅದಕ್ಕೆ "ಯಿಂದ" ಅಂತಲೇ ಒಂದು ಕಾರ್ಡ್ ಬೇಕು.

ಈ ಎರಡು ತಿಂಗಳಲ್ಲಿ ನೀವು ಮಾಡಬಹುದಾದ ಅತಿ ಉಪಯೋಗದ ಕೆಲಸ ಅಂದರೆ ಭಾಷಾ ಮಾದರಿ ಸಂಗ್ರಹ. ಇಬ್ಬರು ಮಕ್ಕಳನ್ನು ಆರಿಸಿ, ಪಾಲಕರಿಂದ ಮತ್ತು ಮುಖ್ಯೋಪಾಧ್ಯಾಯರಿಂದ ಲಿಖಿತ ಒಪ್ಪಿಗೆ ತಗೊಳ್ಳಿ. ಮಗು ಆಟಿಕೆ ಅಥವಾ ಚಿತ್ರದ ಜೊತೆ ಮಾತಾಡುವುದನ್ನು 15 ನಿಮಿಷ ವಿಡಿಯೋ ಮಾಡಿ. ಕ್ಯಾಮೆರಾ ಚೌಕಟ್ಟಿನಲ್ಲಿ ಸೊಂಟದಿಂದ ತಲೆಯ ಮೇಲೊಂದು ಗೇಣಿನವರೆಗೆ ಬರಬೇಕು, ಇಲ್ಲದಿದ್ದರೆ ಸನ್ನೆ ಅರ್ಧ ಕತ್ತರಿಸಿಹೋಗುತ್ತದೆ. ನಂತರ ಮೂರು ಸಾಲಿನಲ್ಲಿ ಬರೆಯಿರಿ: ಮೇಲೆ ಸನ್ನೆಗಳು ಬಂದ ಕ್ರಮ, ನಡುವೆ ಬಾಯಿಂದ ಬಂದ ಧ್ವನಿ, ಕೆಳಗೆ ಮಗು ಹೇಳಲು ಹೊರಟ ಅರ್ಥ. ಹೆಸರಿನ ಜಾಗದಲ್ಲಿ ಅಕ್ಷರ ಇರಲಿ. ಕೇಸ್ ಸ್ಟಡಿ, ವೈಯಕ್ತಿಕ ಶಿಕ್ಷಣ ಯೋಜನೆ, ಮೌಲ್ಯಮಾಪನ ಎಲ್ಲದಕ್ಕೂ ಇದೇ ಬುನಾದಿ. ಕಾಲೇಜಿಗೆ ಬಂದ ಮೇಲೆ ಸಿಗುವ ಮಕ್ಕಳು ನಿಮಗೆ ಹೊಸಬರು, ಇಷ್ಟು ಸಲೀಸಾಗಿ ಕ್ಯಾಮೆರಾ ಮುಂದೆ ಮಾತಾಡುವುದಿಲ್ಲ.

ಆಡಿಯಾಲಜಿಸ್ಟ್:

ಆಡಿಯಾಲಜಿಗೆ ಹೆದರಬೇಡಿ. ನಿಮ್ಮ ತರಗತಿಯ ಮಕ್ಕಳ ಫೈಲ್‌ಗಳೇ ಪಠ್ಯಪುಸ್ತಕ. ದಿನಕ್ಕೊಂದು ಆಡಿಯೋಗ್ರಾಮ್ ತೆಗೆದು ಎದುರಿಗಿಟ್ಟುಕೊಳ್ಳಿ. ಅಡ್ಡಕ್ಕೆ ಆವರ್ತನ, 250ರಿಂದ 8000 ಹರ್ಟ್ಸ್. ಲಂಬಕ್ಕೆ ಡೆಸಿಬೆಲ್, ಕೆಳಗೆ ಹೋದಷ್ಟೂ ನಷ್ಟ ಜಾಸ್ತಿ. ಕೆಂಪು ಸೊನ್ನೆ ಬಲಗಿವಿ, ನೀಲಿ ಗುಣಾಕಾರ ಚಿಹ್ನೆ ಎಡಗಿವಿ. ಸರಾಸರಿಗೆ 500, 1000, 2000 ಹರ್ಟ್ಸ್‌ನ ಅಂಕಿ ಕೂಡಿಸಿ ಮೂರರಿಂದ ಭಾಗಿಸಿ. 85, 95, 105 ಇದ್ದರೆ ಸರಾಸರಿ 95 ಡೆಸಿಬೆಲ್. ಕೆಳಮುಖದ ಬಾಣ ಇದ್ದರೆ ಯಂತ್ರದ ಮಿತಿಯವರೆಗೆ ಶಬ್ದ ಕೊಟ್ಟರೂ ಉತ್ತರ ಬಂದಿಲ್ಲ ಅಂತ ಅರ್ಥ. ಪರೀಕ್ಷೆಯಲ್ಲಿ ಅದನ್ನು 0 ಅಂತ ತಗೊಂಡು ಸರಾಸರಿ ಹಾಕುವವರು ಇದ್ದಾರೆ, ಅದು ತಪ್ಪು, 0 ಡೆಸಿಬೆಲ್ ಅಂದರೆ ಕಿವಿ ಚೆನ್ನಾಗಿ ಕೇಳುತ್ತದೆ ಅಂತ ಅರ್ಥ. ಕಾನೂನಿನ ಭಾಗಕ್ಕೆ ಇದನ್ನು ನೆನಪಿಡಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗೆ 70 ಡೆಸಿಬೆಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ.

ಶ್ರವಣ ಸಾಧನ ಇಲ್ಲದೆ ತೆಗೆದ ಆಡಿಯೋಗ್ರಾಮ್ ನೋಡಿ "ಈ ಮಗುವಿಗೆ ಏನೂ ಕೇಳಲ್ಲ" ಅಂತ ಬರೆಯಬೇಡಿ. ತರಗತಿಗೆ ಬೇಕಾದದ್ದು ಸಾಧನ ಹಾಕಿ ತೆಗೆದದ್ದು. ಅದು ಫೈಲಿನಲ್ಲಿ ಇಲ್ಲದಿದ್ದರೆ, ಹಳೆಯದಾಗಿದ್ದರೆ, ಈಗಲೇ ಮಾಡಿಸಿ.

ಬೆಳಗಿನ ಆರು ಧ್ವನಿ ಪರೀಕ್ಷೆ ಡಿ.ಎಡ್.ನಲ್ಲಿ ಕಲಿತಿರುತ್ತೀರಿ: ಮ್, ಊ, ಆ, ಈ, ಶ್, ಸ್. ಅದನ್ನು ದಿನಾ ಮಾಡಿ, ತಾರೀಖು ಹಾಕಿ ಬರೆದಿಡಿ, ಎರಡು ತಿಂಗಳ ಹಾಳೆ ಕಾಲೇಜಿನಲ್ಲಿ ದೊಡ್ಡ ಆಸ್ತಿ. ಕ್ರಮ ಹೀಗೆ. ಒಂದೊಂದು ಕಿವಿಯ ಸಾಧನ ಬೇರೆ ಬೇರೆ ಪರೀಕ್ಷಿಸಬೇಕು. ಮಗುವಿನ ಹಿಂದೆ ಅಥವಾ ಪಕ್ಕದಲ್ಲಿ ಒಂದು ಮೀಟರ್ ದೂರ ನಿಲ್ಲಿ. ಬಾಯಿಗೆ ಅಂಗೈ ಅಡ್ಡ ಹಿಡಿಯಬೇಡಿ, ತುಟಿ ಮುಚ್ಚುತ್ತದೆ ನಿಜ, ಆದರೆ ಸ್, ಶ್ ಧ್ವನಿಯೂ ಕುಗ್ಗುತ್ತದೆ, ಕೇಳುವ ಮಗುವಿಗೂ ಕೇಳಿಸಲಿಲ್ಲ ಅಂತ ಬರೆದುಬಿಡುತ್ತೀರಿ. ಧ್ವನಿಗಳ ಕ್ರಮ ದಿನಾ ಬದಲಾಗಬೇಕು. ನಡುವಿನ ಬಿಡುವೂ ಬದಲಾಗಬೇಕು, ಕೆಲವೊಮ್ಮೆ ಎರಡು ಸೆಕೆಂಡ್, ಕೆಲವೊಮ್ಮೆ ಎಂಟು. ಒಂದೇ ಲಯದಲ್ಲಿ ಹೇಳಿದರೆ ಮಗು ಲಯ ಹಿಡಿದು ಕೈ ಎತ್ತುತ್ತದೆ.

ಉತ್ತರವನ್ನು ಓದುವುದು ಹೀಗೆ. ನಿನ್ನೆ ಆರೂ ಕೇಳಿದ ಮಗುವಿಗೆ ಇವತ್ತು ಒಂದೂ ಕೇಳದಿದ್ದರೆ ಮೊದಲು ಸೆಲ್ ನೋಡಿ, ಆಮೇಲೆ ಕಿವಿಯೊಳಗೆ ಕೂರುವ ಅಚ್ಚು ಅಂದರೆ ಮೋಲ್ಡಿನ ತೂತಿನಲ್ಲಿ ಗುಗ್ಗೆ ಕಟ್ಟಿದೆಯಾ, ನಳಿಗೆಯಲ್ಲಿ ನೀರಿನ ಹನಿ ನಿಂತಿದೆಯಾ ನೋಡಿ. ಮಳೆಗಾಲದಲ್ಲಿ ಬಹುಪಾಲು ದೂರು ಈ ಹನಿಯದ್ದೇ. ಸಾಧನದಿಂದ ಮೋಲ್ಡ್ ಕಳಚಿ, ರಬ್ಬರ್ ಬುಗ್ಗೆಯಿಂದ ಗಾಳಿ ಊದಿ. ಸಾಧನವನ್ನು ಮಾತ್ರ ನೀರಿಗೆ ತಾಗಿಸಬೇಡಿ. ಸ್ ಒಂದೇ ತಪ್ಪಿದರೆ ಹೆಚ್ಚಿನ ಆವರ್ತನ ಸಿಗುತ್ತಿಲ್ಲ ಅಂತ. 'ಈ' ಹೇಳಿದರೆ 'ಊ' ಅನ್ನುವ ಮಗು ಕೆಳಗಿನ ಆವರ್ತನ ಮಾತ್ರ ಕೇಳಿಸಿಕೊಳ್ಳುತ್ತಿದೆ: ಎರಡೂ ಸ್ವರಗಳ ಮೊದಲ ಪಟ್ಟಿ (ಧ್ವನಿ ಹೆಚ್ಚು ಬಲವಾಗಿರುವ ಆವರ್ತನದ ಭಾಗ) ಹೆಚ್ಚುಕಡಿಮೆ 300 ಹರ್ಟ್ಸ್ ಆಸುಪಾಸಿನಲ್ಲೇ ಇರುತ್ತದೆ, 'ಈ' ಸ್ವರವನ್ನು ಬೇರೆ ಮಾಡುವುದು 2000 ಹರ್ಟ್ಸ್ ಮೇಲಿರುವ ಎರಡನೇ ಪಟ್ಟಿ. ಈ ಒಂದು ಸಾಲು ಅರ್ಥವಾದರೆ ಆಡಿಯಾಲಜಿ ಪೇಪರಿನ ಅರ್ಧ ಭಯ ಹೋಗುತ್ತದೆ.

ಇಂಗ್ಲಿಷ್ ಪುಸ್ತಕಗಳಲ್ಲಿ "ಸ್ ಕೇಳದಿದ್ದರೆ ಬಹುವಚನ ತಪ್ಪುತ್ತದೆ" ಅಂತ ಇರುತ್ತದೆ. ಅದನ್ನು ಕನ್ನಡದ ಮಗುವಿನ ಕೇಸ್ ಸ್ಟಡಿಗೆ ಹಾಗೇ ಇಳಿಸಬೇಡಿ. ನಮ್ಮ ಬಹುವಚನ "ಗಳು". ಕನ್ನಡದಲ್ಲಿ ಜಾರಿಹೋಗುವುದು ಪದದ ಕೊನೆಯಲ್ಲಿ ಮೆಲ್ಲಗೆ ಬರುವ ಗೆ, ಅನ್ನು, ಇಂದ, ಅಲ್ಲಿ, ಮತ್ತೆ ಕ್ರಿಯಾಪದದ ಬಾಲ. ಮೇಲಿನ ಸರ್ ಹೇಳಿದ "ಅಮ್ಮ ಸಂತೆ ಹೋಗು" ಅನ್ನುವುದಕ್ಕೆ ಇದೂ ಒಂದು ಕಾರಣ.

ಬದಲಿ ಟೀಚರ್‌ಗೆ ಪ್ರತಿ ಮಗುವಿಗೆ ಒಂದು ಪುಟ ಬರೆದಿಡಿ. ಯಾವ ಕಿವಿಗೆ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಸಾಧನ), ಸೆಲ್ಲಿನ ಅಳತೆ, ಮೋಲ್ಡ್ ಮಾಡಿಸಿದ ತಿಂಗಳು, ಆರು ಧ್ವನಿಯಲ್ಲಿ ಮಗು ದಿನಾ ಕೊಡುವ ಉತ್ತರ, ಮಗುವಿನ ಸನ್ನೆ ಹೆಸರು (ಹೆಸರಿನ ಬದಲು ಮಗುವಿಗೆ ಬಳಸುವ ಸನ್ನೆ), ಕಿವಿ ಸೋರುವ ಅಭ್ಯಾಸ ಇದ್ದರೆ ಅದು, ಮನೆಯಲ್ಲಿ ಸನ್ನೆ ಬಲ್ಲವರು ಯಾರು. ಸೆಲ್ ಸ್ಟಿಕ್ಕರಿನ ಬಣ್ಣವನ್ನೂ ಬರೆಯಿರಿ: 675 ನೀಲಿ, 13 ಕಿತ್ತಳೆ, 312 ಕಂದು. ಹೊಸಬರು ಅಂಕಿ ಮರೆತರೂ ಬಣ್ಣ ಮರೆಯಲ್ಲ. ಸ್ಟಿಕ್ಕರ್ ಕಿತ್ತ ತಕ್ಷಣ ಸೆಲ್ ಹಾಕಬಾರದು, ಒಂದು ನಿಮಿಷ ಗಾಳಿಗೆ ಬಿಡಬೇಕು. ಮುಂಚಿತವಾಗಿ ಎಲ್ಲ ಸೆಲ್ಲಿನ ಸ್ಟಿಕ್ಕರ್ ಕಿತ್ತು ಡಬ್ಬಿಗೆ ಹಾಕಿಡುವುದು ಹಾಸ್ಟೆಲ್‌ಗಳಲ್ಲಿ ಆಗುವ ಅನಾಹುತ. ಗಾಳಿ ತಾಗಿದ ಸೆಲ್ ಬಳಸದಿದ್ದರೂ ಖಾಲಿಯಾಗುತ್ತದೆ. ರಾತ್ರಿ ಸೆಲ್ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಲು ವಾರ್ಡನ್‌ಗೂ ಹೇಳಿ ಹೋಗಿ. ಸಾಧನ ಕುಂಯ್ ಅಂತ ಕೂಗುತ್ತಿದ್ದರೆ ವಾಲ್ಯೂಮ್ ಇಳಿಸುವುದು ಪರಿಹಾರ ಅಲ್ಲ, ಹೆಚ್ಚಿನ ಸಲ ಕಿವಿ ಬೆಳೆದು ಮೋಲ್ಡ್ ಸಡಿಲ ಆಗಿರುತ್ತದೆ, ಹೊಸ ಅಚ್ಚು ತೆಗೆಸಬೇಕು.

ಸನ್ನೆ ಭಾಷೆ ಕಲಿಸುವವರು, ಬೆಂಗಳೂರು:

ಸನ್ನೆ ವಿಷಯ ನಾನು ಹೇಳ್ತೀನಿ. ಹಾಸ್ಟೆಲ್ ಮಕ್ಕಳ ಸನ್ನೆ ತಪ್ಪು ಭಾಷೆ ಅಲ್ಲ. ಕಾಲೇಜಿಗೆ ಹೋಗಿ ಬಂದ ಮೇಲೆ ದಯವಿಟ್ಟು ಅದನ್ನ ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಡಿ. ಅದರ ಪಕ್ಕಕ್ಕೆ ಐ.ಎಸ್.ಎಲ್. ಸೇರಿಸಿ. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ, ಒಂದು ಕಡೆ ನಿಮ್ಮ ಶಾಲೆಯ ಸನ್ನೆ, ಇನ್ನೊಂದು ಕಡೆ ದೆಹಲಿಯ ಐ.ಎಸ್.ಎಲ್.ಆರ್.ಟಿ.ಸಿ. (ಭಾರತೀಯ ಸನ್ನೆ ಭಾಷೆ ಸಂಶೋಧನಾ ಮತ್ತು ತರಬೇತಿ ಕೇಂದ್ರ) ನಿಘಂಟಿನ ಸನ್ನೆ. ಅವರ ನಿಘಂಟು 2021ರಲ್ಲಿ 10,000 ಪದ ಮುಟ್ಟಿತು, ವಿಡಿಯೋಗಳು ಪುಕ್ಕಟೆ ಸಿಗ್ತವೆ. ದಿನಾ ಹತ್ತು ಪದ ಸಾಕು, ಮೊದಲು ತರಗತಿಯ ಪದ: ಪಾಠ, ಪ್ರಶ್ನೆ, ಯಾಕೆ, ಉದಾಹರಣೆ, ಭಾಗಾಕಾರ.

ಆದರೆ ಪದ ಎಷ್ಟು ಗೊತ್ತು ಅನ್ನೋದಲ್ಲ, ವ್ಯಾಕರಣ ಮುಖದಲ್ಲಿದೆ. ಹೌದು–ಇಲ್ಲ ಉತ್ತರದ ಪ್ರಶ್ನೆಗೆ ಹುಬ್ಬು ಮೇಲೆ. ಏನು, ಯಾಕೆ, ಎಲ್ಲಿ ಪ್ರಶ್ನೆಗೆ ಹುಬ್ಬು ಗಂಟು, ಪ್ರಶ್ನೆ ಪದ ಕೊನೆಗೆ. ಕಳೆದ ಕಾಲ ಹೆಗಲಿನ ಹಿಂದೆ, ಬರುವ ಕಾಲ ಮುಂದೆ. ಇದು ಇಲ್ಲದೆ ಕೈ ಮಾತ್ರ ಆಡಿಸಿದರೆ ಮಕ್ಕಳಿಗೆ ಬರೀ ಪದಗಳ ಪಟ್ಟಿ ಓದಿದ ಹಾಗೆ ಕಾಣ್ತದೆ.

ಕೇಳುವ ಟೀಚರ್‌ಗಳಲ್ಲಿ ಪದೇಪದೇ ಕಾಣೋದು ಕನ್ನಡ ಮಾತಾಡ್ತಾ ಸನ್ನೆ ಮಾಡೋದು. ಬಾಯಿ ಓಡ್ತದೆ, ಕೈ ಹಿಂದೆ ಬೀಳ್ತದೆ, ಅರ್ಧ ಸನ್ನೆ ಬಿಟ್ಟುಹೋಗ್ತದೆ, ನಿಮಗೆ ಮಾತ್ರ ಪೂರ್ತಿ ಹೇಳಿದೆ ಅನ್ನಿಸ್ತದೆ. ಪರೀಕ್ಷೆ ಮಾಡಿ ನೋಡಿ: ನಿಮ್ಮ ಪಾಠದ ಐದು ನಿಮಿಷ ವಿಡಿಯೋ ಮಾಡಿ, ಧ್ವನಿ ಪೂರ್ತಿ ತೆಗೆದು ನೋಡಿ. ಧ್ವನಿ ಇಲ್ಲದೆ ಪಾಠ ಅರ್ಥ ಆಗುತ್ತಾ? ಆಗದಿದ್ದರೆ ಮಕ್ಕಳಿಗೂ ಅರ್ಥ ಆಗಿಲ್ಲ. ತುಟಿ ಓದ್ತಾರೆ ಅನ್ನೋ ಭರವಸೆ ಇಟ್ಟುಕೊಳ್ಳಬೇಡಿ. ಕನ್ನಡಿ ಮುಂದೆ ಧ್ವನಿ ಇಲ್ಲದೆ ಮರ, ಬರ, ಪರ ಅಂತ ಹೇಳಿ ನೋಡಿ, ಮೂರೂ ಒಂದೇ. ಕಾಲು, ಹಾಲು ಅನ್ನಿ, ಮೊದಲ ಅಕ್ಷರ ಗಂಟಲ ಕಡೆ ಹುಟ್ಟೋದು, ತುಟಿಗೆ ಬರೋದೇ ಇಲ್ಲ.

ಪಾಠ ವೀಕ್ಷಣೆಗೆ ಬರುವವರು ಇದನ್ನೂ ನೋಡ್ತಾರೆ: ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು, ಮುಖ ಕಪ್ಪಾಗಿ ಕಾಣ್ತದೆ. ಮಕ್ಕಳು ಅರ್ಧವೃತ್ತದಲ್ಲಿ ಕೂರಲಿ, ಒಬ್ಬರು ಸನ್ನೆ ಮಾಡಿದ್ದು ಎಲ್ಲರಿಗೂ ಕಾಣಬೇಕು. ಪುಸ್ತಕ ತೋರಿಸಿದ ಮೇಲೆ ಮಕ್ಕಳ ಕಣ್ಣು ಪುಸ್ತಕದಿಂದ ನಿಮ್ಮ ಕಡೆಗೆ ವಾಪಸ್ ಬರೋ ತನಕ ಕೈ ಎತ್ತಬೇಡಿ. ಒಂದೇ ಕಣ್ಣಿನಲ್ಲಿ ಓದೋದೂ ನಿಮ್ಮನ್ನ ನೋಡೋದೂ ಎರಡೂ ಆಗಲ್ಲ. ಪಾಠಯೋಜನೆಯ ಸಮಯ ಲೆಕ್ಕ ಹಾಕುವಾಗ ಈ ಕಾಯುವಿಕೆ ಸೇರಿಸಿ, ಇಲ್ಲದಿದ್ದರೆ 40 ನಿಮಿಷದ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಸಾಧ್ಯವಾದರೆ ನಿಮ್ಮ ಊರಿನ ಕಿವುಡರ ಸಂಘಕ್ಕೆ ವಾರಕ್ಕೊಮ್ಮೆ ಹೋಗಿ ಕೂತುಕೊಳ್ಳಿ. ದೊಡ್ಡವರ ಸನ್ನೆಯ ವೇಗ ಮಕ್ಕಳ ಜೊತೆ ಇದ್ದರೆ ಬರೋದಿಲ್ಲ.

ಬಿ.ಎಡ್. ಎರಡನೇ ವರ್ಷದ ವಿದ್ಯಾರ್ಥಿನಿ:

ಅಕ್ಕಾ, ಚಿಕ್ಕ ವಿಷಯ ಆದ್ರೂ ತುಂಬಾ ತಲೆನೋವು ಕೊಡುತ್ತೆ: ಟೈಪಿಂಗ್. ಶಾಲೆಯ ಹಳೇ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನ ಕಾಲೇಜಿಗೆ ಮೇಲ್ ಮಾಡಿದ್ರೆ ಅಲ್ಲಿ ಬರೀ ವಿಚಿತ್ರ ಚಿಹ್ನೆ ಬರುತ್ತೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಮೊದಲ ದಿನದಿಂದ ಅದನ್ನೇ ಬಳಸಿ. ಹಳೆ ಫೈಲ್ ಇದ್ರೆ ಪರಿವರ್ತಕದಲ್ಲಿ ಹಾಕಿ, ಆದ್ರೆ ಒತ್ತಕ್ಷರ ಮತ್ತೆ ಅರ್ಕಾವತ್ತು ಕೆಲವು ಕಡೆ ಕೆಡುತ್ತೆ, ಓದಿ ತಿದ್ದಬೇಕು. ಕಳಿಸುವಾಗ ಪಿ.ಡಿ.ಎಫ್. ಪ್ರತಿನೂ ಜೊತೆಗೆ ಹಾಕಿ.

ಓದಿಗೆ ಹೇಳೋದಾದ್ರೆ, ಇಂಗ್ಲಿಷ್ ಪದವನ್ನ ಬಾಯಿಪಾಠ ಮಾಡೋ ಬದಲು ಪ್ರತಿ ಪಾರಿಭಾಷಿಕ ಪದದ ಮುಂದೆ ನಿಮ್ಮ ತರಗತಿಯ ಒಂದು ಉದಾಹರಣೆ ಬರೆದುಕೊಳ್ಳಿ. ಉತ್ತರದಲ್ಲಿ ಆ ಉದಾಹರಣೆ ಬಂದ್ರೆ ಬೇರೆಯವರ ಉತ್ತರಕ್ಕಿಂತ ಎದ್ದು ಕಾಣುತ್ತೆ. ಬೇರೆ ಅಂಗವೈಕಲ್ಯಗಳ ಪೇಪರ್‌ಗಳೂ ಇವೆ, ದೃಷ್ಟಿದೋಷ, ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಎಲ್ಲ ಬರುತ್ತೆ. ಎಚ್.ಐ. ಟೀಚರ್‌ಗಳು ಅಂಕ ಕಳ್ಕೊಳ್ಳೋದು ಅಲ್ಲೇ. ಆ ಓದನ್ನ ಕೊನೆಗೆ ಬಿಡಬೇಡಿ.

ಧಾರವಾಡ ಕಡೆಯ ಟೀಚರ್:

ಎಲ್ಲರಿಗೂ ಬಹಳ ಉಪಕಾರ ಆಯ್ತು. ಭಾಷಾ ಮಾದರಿ ನಾಳೆಯಿಂದಲೇ ಶುರು ಮಾಡ್ತೀನಿ. ಸರ್, ಇನ್ನೊಂದು ಪ್ರಶ್ನೆ. ಕೆಂಪು ಕಾರ್ಡಿನ ಪ್ರಯೋಗವನ್ನ ಕ್ರಿಯಾ ಸಂಶೋಧನೆಯಾಗಿ (ತರಗತಿಯಲ್ಲೇ ಒಂದು ವಿಧಾನ ಮಾಡಿನೋಡಿ ಬರೆಯೋ ಸಂಶೋಧನೆ) ತಗೊಳ್ಳಬಹುದಾ? ನನ್ನ ತರಗತಿಯಲ್ಲಿ ಇರೋದು ಏಳೇ ಮಕ್ಕಳು. ಇಷ್ಟು ಕಡಿಮೆ ಸಂಖ್ಯೆ ಒಪ್ಪಿಕೊಳ್ತಾರಾ? ಮತ್ತೆ ಪೂರ್ವ ಪರೀಕ್ಷೆ ಒಂದು, ಉತ್ತರ ಪರೀಕ್ಷೆ ಒಂದು ಮಾಡಿದರೆ ಸಾಕಾ?

ತರಬೇತಿ ಕಾಲೇಜಿನ ಉಪನ್ಯಾಸಕರು, ಮೈಸೂರು:

ಖಂಡಿತ ತಗೊಳ್ಳಬಹುದು ಮೇಡಂ. ಏಳು ಮಕ್ಕಳು ಕಡಿಮೆ ಅಲ್ಲ, ನಮ್ಮ ಕ್ಷೇತ್ರದಲ್ಲಿ ತರಗತಿಗಳೇ ಚಿಕ್ಕವು. ಆದರೆ ಒಂದು ಪೂರ್ವ, ಒಂದು ಉತ್ತರ ಪರೀಕ್ಷೆ ಮಾತ್ರ ಮಾಡಿದರೆ ಮಗು ಆ ದಿನ ಜ್ವರದಲ್ಲಿತ್ತಾ, ಸೆಲ್ ಮುಗಿದಿತ್ತಾ ಅನ್ನುವುದು ಅಂಕಿಯೊಳಗೆ ಸೇರಿಹೋಗುತ್ತದೆ. ಕಾರ್ಡ್ ತೋರಿಸುವ ಮುಂಚೆ ಬೇರೆ ಬೇರೆ ದಿನ ಕನಿಷ್ಠ ಮೂರು ಸಲ, ಸಾಧ್ಯವಾದರೆ ಐದು ಸಲ, ಹತ್ತು ಚಿತ್ರ ಕೊಟ್ಟು ಬರೆಸಿ. ಆ ಅಂಕಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತ ಮೇಲೆ ಕಾರ್ಡ್ ಶುರು ಮಾಡಿ. ಈಗಾಗಲೇ ತಾನಾಗಿ ಏರುತ್ತಿದ್ದರೆ ಕಾರ್ಡಿನಿಂದ ಏರಿತು ಅಂತ ಹೇಳುವ ಹಾಗಿಲ್ಲ. ಆಮೇಲೆ ವಾರಕ್ಕೆರಡು ಸಲ ಅದೇ ರೀತಿ ಹತ್ತು ಚಿತ್ರ, ಆದರೆ ಪಾಠದಲ್ಲಿ ಬಳಸದ ಪದಗಳು. ಮನೆ, ಶಾಲೆ ಕಲಿಸಿ ಮನೆ, ಶಾಲೆಯನ್ನೇ ಕೇಳಿದರೆ ನೆನಪಿನ ಶಕ್ತಿಯ ಪರೀಕ್ಷೆ ಆಗುತ್ತದೆ. ಕೋಟೆ, ಗುಡಿಸಲು ಕೊಡಿ. "ಗುಡಿಸಲಿಗೆ" ಅಂತ ಬರೆದರೆ ನಿಯಮ ಹಿಡಿದಿದೆ ಅಂತ ತಿಳಿಯಬಹುದು.

ಪ್ರತಿ ಮಗುವಿಗೆ ಒಂದು ಗ್ರಾಫ್ ಹಾಕಿ, ಕಾರ್ಡ್ ಶುರುವಾದ ದಿನ ಒಂದು ಲಂಬ ಗೆರೆ ಎಳೆಯಿರಿ. ಏಳು ಮಕ್ಕಳ ಸರಾಸರಿ ತೆಗೆದು ಒಂದೇ ಅಂಕಿಗೆ ಇಳಿಸಿದರೆ ಇಂಪ್ಲಾಂಟ್ ಇರುವ ಮಗುವೂ ಸಾಧನವೇ ಇಲ್ಲದ ಮಗುವೂ ಒಂದಾಗಿಬಿಡುತ್ತವೆ. ಕಾರ್ಡ್ ನಿಲ್ಲಿಸಿದ ಮೇಲೆ ಎರಡು ವಾರ ಬಿಟ್ಟು ಮತ್ತೊಮ್ಮೆ ಬರೆಸಿ ನೋಡಿ, ಉಳಿದಿದೆಯಾ ಅಂತ. ಅಷ್ಟರೊಳಗೆ ನೀವು ಕಾಲೇಜಿಗೆ ಹೊರಟಿದ್ದರೆ ಆ ಕೊನೆಯ ಪರೀಕ್ಷೆಯ ಹತ್ತು ಚಿತ್ರ ಮತ್ತು ಖಾಲಿ ಹಾಳೆಗಳನ್ನು ಬದಲಿ ಟೀಚರ್‌ಗೆ ಕೊಡುವ ಕಡತದಲ್ಲೇ ಸೇರಿಸಿ, ತಾರೀಖನ್ನೂ ಮೇಲೆ ಬರೆದಿಡಿ. ಮಕ್ಕಳ ತಪ್ಪನ್ನು ತಿದ್ದದೆ ಹಾಗೇ ಕಳಿಸಲು ಅವರಿಗೆ ಮರೆಯದೆ ಹೇಳಿ.